ಹುಚ್ಚರ ಮಗ್ಗಿ

ಹೊಸ ಕೋಣೆಗೆ ಕಾಲಿಟ್ಟವರು ಸಾಮಾನ್ಯವಾಗಿ ಕಿಟಕಿ ನೋಡುತ್ತಾರೆ, ಫ್ಯಾನು ಎಣಿಸುತ್ತಾರೆ, ಕುರ್ಚಿ ಮೆತ್ತಗಿದೆಯೇ ಎಂದು ಒತ್ತಿ ನೋಡುತ್ತಾರೆ. ಅವಳು ಮಾತ್ರ ನಟ್ಟನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ, ಕತ್ತು ವಾರೆ ಮಾಡಿ, ಜಗಳಕ್ಕೆ ಕರೆದು ಉತ್ತರಕ್ಕೆ ಕಾಯುವವಳ ಹಾಗೆ ನಿಂತುಬಿಡುತ್ತಾಳೆ. ಕೋಣೆ ಉತ್ತರ ಕೊಡುತ್ತದೆ. ಕೆಲವು ಗೊಣಗುತ್ತವೆ, ಕೆಲವು ಹೇಳಿದ್ದನ್ನೇ ಏಳು ಸಲ ಹೇಳುತ್ತವೆ, ಕೆಲವು ಬಾಯಿ ಹೊಲಿದುಕೊಂಡು ಕೂತಿರುತ್ತವೆ. ಗೊಣಗುವ ಕಡೆ ಬಟ್ಟೆ ಹೊದಿಸಿದ, ರಾಕ್‌ವುಲ್ ಎಂಬ ಕಲ್ಲುನಾರಿನ ಹಲಗೆ ಇಟ್ಟು ಶಬ್ದವನ್ನು ಹೀರಿಸುವುದು, ಹೇಳಿದ್ದನ್ನೇ ಹೇಳುವ ಕಡೆ ಉಬ್ಬುತಗ್ಗಿನ ಮರದ ಗೋಡೆ ನಿಲ್ಲಿಸಿ ಶಬ್ದವನ್ನು ಚದುರಿಸುವುದು ಅವಳ ಕಸುಬು. ಮೊದಲನೆಯದಕ್ಕೆ ಹೀರುಗೋಡೆ, ಎರಡನೆಯದಕ್ಕೆ ಚದುರುಗೋಡೆ ಎಂದು ಹೆಸರಿಟ್ಟವಳೂ ಅವಳೇ. ಅವಳಿಗೆ ಹೆಸರಿಟ್ಟವರು ಕಟ್ಟಡದ ಕೆಲಸದವರು: ಚಪ್ಪಾಳೆ ಮೇಡಂ.

ಆ ಗುರುವಾರ ಬೆಳಿಗ್ಗೆ ಸಂಗೀತ ಶಾಲೆಯ ಹೊಸ ಸಭಾಂಗಣದಲ್ಲಿ ಅವಳು ಚಪ್ಪಾಳೆ ತಟ್ಟಿದಾಗ, ಹಿಂದಿನ ಗೋಡೆ ಅವಳಿಗೆ ಸಿಳ್ಳೆ ಹೊಡೆಯಿತು.

‘ಟಪ್’ ಎಂದು ಹೋದದ್ದು ‘ಚಿಯ್ಯಂವ್’ ಎಂದು ಬಾಲ ಎಳೆದುಕೊಂಡು, ಅದೂ ಬಲಗಡೆಯಿಂದ ಮಾತ್ರ, ವಾಪಸು ಬಂತು. ಅವಳು ನಾಲ್ಕು ಹೆಜ್ಜೆ ಎಡಕ್ಕೆ ಸರಿದು ಇನ್ನೊಮ್ಮೆ ತಟ್ಟಿದಳು. ಅಲ್ಲಿ ಸಿಳ್ಳೆ ಇರಲಿಲ್ಲ, ಬೇರೇನೂ ಇರಲಿಲ್ಲ. ಗೋಡೆ ಆ ಕಡೆಯವರೊಂದಿಗೆ ಟೂ ಬಿಟ್ಟಂತಿತ್ತು. ಮೂರು ದಿನ ಬೇರೆ ಊರಿನ ಕೆಲಸಕ್ಕೆ ಹೋಗಿದ್ದ ಅವಳು, ಗೋಡೆ ಕೂರಿಸುವಾಗ ಇಲ್ಲಿರಲಿಲ್ಲ. ಹಲಗೆ ಮಾಡಿ ಕೂರಿಸುವ ಬಡಗಿ ಅವಳ ಅಪ್ಪನೇ; ಅವನಿದ್ದನಲ್ಲ, ಇನ್ಯಾಕೆ ಚಿಂತೆ ಎಂದುಕೊಂಡಿದ್ದಳು.

ಶಾಲೆ ನಡೆಸುವ ಪಿಟೀಲು ಮೇಷ್ಟ್ರು ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಅವರ ಗಡ್ಡದ ಎಡಭಾಗ ಪಿಟೀಲಿಗೆ ಉಜ್ಜಿ ಉಜ್ಜಿ ಸವೆದಿತ್ತು.

“ನಾನು ನುಡಿಸ್ತಿದ್ರೆ ಹಿಂದೆ ಯಾರೋ ಕೂತು ಅಣಕಿಸಿದ ಹಾಗಾಗುತ್ತೆ ಮೇಡಂ,” ಎಂದರು. “ಹೋಗಿ ನೋಡ್ದೆ. ಯಾರೂ ಇಲ್ಲ. ಭಾನುವಾರ ಮಕ್ಕಳ ಕಛೇರಿ. ಅವ್ರನ್ನ ಅಣಕಿಸೋಕೆ ಅವರ ಅಪ್ಪ ಅಮ್ಮಂದಿರೇ ಸಾಕು, ಗೋಡೆ ಬೇರೆ ಬೇಕಾ?”

ಅವಳು ಹಿಂದಿನ ಚದುರುಗೋಡೆಯ ಹತ್ತಿರ ಹೋದಳು. ಮಕ್ಕಳು ಸಂದುಗಳಲ್ಲಿ ಪೆನ್ಸಿಲ್ಲು, ಅರ್ಧ ಕಚ್ಚಿದ ಬಿಸ್ಕತ್ತು ತುರುಕುತ್ತಾರೆಂದು ಮೇಷ್ಟ್ರೇ ಹಟ ಹಿಡಿದು ಗೋಡೆಯುದ್ದಕ್ಕೂ ಕಪ್ಪು ಜಾಲರಿ ಬಟ್ಟೆ ಎಳೆಸಿದ್ದರು. ಶಬ್ದ ಅದರೊಳಗೆ ಸರಾಗ ನುಗ್ಗುತ್ತದೆ, ಕಣ್ಣು ನುಗ್ಗುವುದಿಲ್ಲ. ಅವಳು ಒಂದು ಮೂಲೆ ಬಿಚ್ಚಿ, ಒಳಗೆ ಕೈ ತೂರಿಸಿ, ಒಂದೊಂದೇ ಸಂದನ್ನು ಬೆರಳಿನಿಂದ ತಡವುತ್ತಾ ಹೋದಳು. ಏನೂ ಆಳವಿಲ್ಲ. ಸ್ವಲ್ಪ ಆಳ. ಅಷ್ಟೇ ಆಳ. ಇನ್ನೂ ಸ್ವಲ್ಪ. ಅಷ್ಟೇ. ಕೊನೆಗೆ ಕೈ ಮಣಿಕಟ್ಟು ದಾಟಿ ಒಳಗೆ ಹೋಯಿತು. ಗೋಡೆಯೊಳಗೆ ಒಂದು ಮೆಟ್ಟಿಲು ಕಟ್ಟಿಟ್ಟಿದ್ದಾರೆ! ಪಕ್ಕದ ಹಲಗೆ ತಡವಿದಳು. ಅದೂ ಮೆಟ್ಟಿಲೇ. ಎಂಟು ಹಲಗೆಗೆ ಎಂಟು ಮೆಟ್ಟಿಲು, ಶಾಲೆಯ ಗ್ರೂಪ್ ಫೋಟೋಗೆ ಎತ್ತರದ ಪ್ರಕಾರ ನಿಲ್ಲಿಸಿದ ಹುಡುಗರ ಹಾಗೆ.

ಚದುರುಗೋಡೆಯ ಕೆಲಸವಿರುವುದೇ ಸಾಲು ತಪ್ಪಿಸುವುದರಲ್ಲಿ. ಒಂದು ಹಲಗೆಯಲ್ಲಿ ತೆಳು ಪಟ್ಟಿಗಳ ನಡುವೆ ಉದ್ದುದ್ದಕ್ಕೆ ಓಣಿಗಳು. ಒಂದೊಂದು ಓಣಿಗೆ ಒಂದೊಂದು ಆಳ. ಆಳ ಕಡಿಮೆಯಿದ್ದ ಓಣಿಗೆ ಹೊಕ್ಕ ಶಬ್ದ ಬೇಗ ಹಿಂದಿರುಗುತ್ತದೆ, ಆಳದ್ದು ತಡವಾಗಿ. ಆಳಗಳು ಅಡ್ಡಾದಿಡ್ಡಿ ಇದ್ದರೆ ವಾಪಸು ಬರುವ ಶಬ್ದಗಳಿಗೆ ಒಂದಕ್ಕೊಂದು ತಾಳಮೇಳ ಕೂಡದೆ, ಸಿನಿಮಾ ಬಿಟ್ಟ ಜನದ ಹಾಗೆ ಎಲ್ಲ ದಿಕ್ಕಿಗೂ ಚದುರಿಹೋಗುತ್ತವೆ. ಆದರೆ ಅಡ್ಡಾದಿಡ್ಡಿಗೂ ಒಂದು ಲೆಕ್ಕವಿದೆ. ಸೊನ್ನೆಯಿಂದ ಹನ್ನೆರಡರವರೆಗಿನ ಪ್ರತಿ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಹದಿಮೂರರಿಂದ ಭಾಗಿಸಿ, ಉಳಿದದ್ದನ್ನು ಓಣಿಗಳ ಆಳವೆಂದು ಸಾಲಾಗಿ ಬರೆದುಕೊಂಡು ಹೋಗಬೇಕು: ಸೊನ್ನೆ, ಒಂದು, ನಾಲ್ಕು, ಒಂಬತ್ತು, ಮೂರು, ಹನ್ನೆರಡು, ಹತ್ತು, ಮತ್ತೆ ಹತ್ತು, ಹನ್ನೆರಡು, ಮೂರು, ಒಂಬತ್ತು, ನಾಲ್ಕು, ಒಂದು. ಈ ಲೆಕ್ಕವನ್ನು ಮೊದಲ ಸಲ ಕೇಳಿದ ದಿನವೇ ಅಪ್ಪ ಅದಕ್ಕೆ ‘ಹುಚ್ಚರ ಮಗ್ಗಿ’ ಎಂದು ನಾಮಕರಣ ಮಾಡಿದ್ದ. ಆಗ ಮಾಡುತ್ತಿದ್ದದ್ದು ಏಳರ ಮಗ್ಗಿ. ಇಲ್ಲಿಯವರೆಗೆ ಅವರಿಬ್ಬರೂ ಸೇರಿ ಮಾಡಿದ ಗೋಡೆಗಳೆಲ್ಲ ಏಳು ಓಣಿಯವು. ಈ ಸಭಾಂಗಣ ದೊಡ್ಡದೆಂದು ಮೊದಲ ಬಾರಿಗೆ ಅವಳು ಹದಿಮೂರಕ್ಕೆ ಕೈಹಾಕಿದ್ದಳು.

“ಎಲ್ಲಿ ಎಡವಟ್ಟಾಗಿದೆ?” ಎಂದು ಮೇಷ್ಟ್ರು ಕೇಳಿದರು.

“ನನ್ನ ನಕ್ಷೆಯಲ್ಲಿ,” ಎಂದಳು. “ಎರಡು ದಿನ ಕೊಡಿ.”

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಅದನ್ನು ಹೀರುಗೋಡೆ ಹೀರಿಕೊಂಡಿತೋ ಚದುರುಗೋಡೆ ಚದುರಿಸಿತೋ ಅವಳಿಗೇ ತಿಳಿಯಲಿಲ್ಲ.

*

ಬಸ್ಸಿನಲ್ಲಿ ಕೂತು ಊರಿನ ಆ ತುದಿಯಲ್ಲಿದ್ದ ಅಪ್ಪನ ಮನೆಗೆ ಹೋಗುವಷ್ಟರಲ್ಲಿ ಅವಳು ಇಡೀ ಜಗಳವನ್ನು ಮನಸ್ಸಿನಲ್ಲೇ ಎರಡು ಸಲ ಆಡಿ ಮುಗಿಸಿದ್ದಳು. ಅಪ್ಪನ ಚಾಳಿ ಅವಳಿಗೆ ಗೊತ್ತಿಲ್ಲವೇ? ಚದುರುಗೋಡೆ ನೋಡಿದಾಗಲೆಲ್ಲ ಅವನು ಮೂಗು ಮುರಿಯುತ್ತಿದ್ದ. ನಲವತ್ತೈದು ವರ್ಷ ಸಾಲು ಸಾಲಾಗಿ, ನೇರಕ್ಕೆ ನೇರ ಕೂರಿಸಿದ ಬಡಗಿಗೆ ಅಂಕುಡೊಂಕು ಕಂಡರೆ ಹಲ್ಲಿನ ಸಂದಿಗೆ ನಾರು ಸಿಕ್ಕಿದಂತಾಗುತ್ತದಂತೆ. ಈ ಸಲ ತಡೆದುಕೊಳ್ಳಲಾಗದೆ ತಿದ್ದಿಬಿಟ್ಟಿದ್ದಾನೆ. ಮಗಳ ಲೆಕ್ಕಕ್ಕಿಂತ ತನ್ನ ಕಣ್ಣಿನ ಅಂದ ದೊಡ್ಡದೆಂದುಕೊಂಡಿದ್ದಾನೆ.

ಮನೆಯ ಹಿಂದಿನ ಶೆಡ್ಡಿನಲ್ಲಿ ಗರಗಸದ ಮೆಷಿನ್ ಓಡುತ್ತಿತ್ತು. ಮೇಜಿನ ನಡುವಿನ ಸೀಳಿನಿಂದ ಅರ್ಧ ತಲೆ ಎತ್ತಿದ ಬ್ಲೇಡು, ಅದಕ್ಕೆ ಹಲಗೆ ಒಡ್ಡುತ್ತಿದ್ದ ಅಪ್ಪ. ಅವಳಿಗೆ ಬೆನ್ನು ಮಾಡಿದ್ದವನು ತಿರುಗಿ ನೋಡದೆಯೇ ಸ್ವಿಚ್ ಆರಿಸಿ, ಬ್ಲೇಡು ನಿಲ್ಲುವವರೆಗೆ ಕಾದು, ಅವಳ ಚಪ್ಪಲಿಯ ಸದ್ದನ್ನು ಬಾಯಲ್ಲೇ ಮಾಡಿದ: “ಟರಕ್, ಟಪ್. ಟರಕ್, ಟಪ್. ಎಡಗಾಲಿನ ಬಾರು ಸಡಿಲ ಆಗಿದೆ ಕಣೆ. ಕೋಪ ಬಂದಾಗ ಇನ್ನೂ ಸಡಿಲ.”

ಅಣಕು ಅವನಿಗೆ ಹುಟ್ಟಿನಿಂದ ಬಂದದ್ದು. ಅವಳು ಚಿಕ್ಕವಳಿದ್ದಾಗ ಅವಳನ್ನು ಮೊಣಕಾಲ ಮೇಲೆ ಕೂರಿಸಿಕೊಂಡು ಕೋಣೆಗಳನ್ನು ಅಣಕಿಸುತ್ತಿದ್ದ. ಒಂದೇ ಮಾತನ್ನು ಬಚ್ಚಲಿನಲ್ಲಿ ಆಡಿದರೆ ಹೀಗೆ, ಖಾಲಿ ನೀರಿನ ಟ್ಯಾಂಕಿನಲ್ಲಿ ಹೀಗೆ, ಕಂಬಳಿ ತುಂಬಿದ ಬೀರುವಿನಲ್ಲಿ ಹೀಗೆ. ಕೋಣೆಗೆ ದನಿಯಿರುತ್ತದೆಂದು ಅವಳು ಕಲಿತದ್ದು ಕಾಲೇಜಿನಲ್ಲಲ್ಲ, ಅದೇ ಮೊಣಕಾಲ ಮೇಲೆ. ಇತ್ತೀಚೆಗೆ ಅಣಕು ಇನ್ನೂ ಹೆಚ್ಚಿತ್ತು. ಬಾಗಿಲು ಮಾಡಿಸಲು ಬಂದವರು ಅಳತೆ ಹೇಳಿದರೆ, ಅವರ ದನಿಯಲ್ಲೇ, ಅವರ ಕೆಮ್ಮು ಸಮೇತ, ವಾಪಸು ಹೇಳುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ಅವಳೂ ನಕ್ಕಿದ್ದಳು.

ಈಗ ನಗಲಿಲ್ಲ. ಗೋಡೆ ಸಿಳ್ಳೆ ಹೊಡೆಯುವುದನ್ನು ಹೇಳಿದಳು, ಮೆಟ್ಟಿಲಿನ ವಿಷಯ ಹೇಳಿದಳು, ಅಂದ ನೋಡಲು ಅದೇನು ಮನೆಯ ಹಾಲ್‌ನಲ್ಲಿಡುವ ಷೋಕೇಸೇ ಎಂದು ಕೇಳಿದಳು. ಅಪ್ಪ ತಲೆಯ ಮೇಲಿನ ಮರದ ಹುಡಿ ಕೊಡವಿಕೊಳ್ಳುತ್ತಾ ಎಲ್ಲವನ್ನೂ ಕೇಳಿಸಿಕೊಂಡ.

“ನೀನು ಹೇಳಿದ ಹಾಗೇ ಇದೆ,” ಎಂದ.

“ನಾನೆಲ್ಲಿ ಹೇಳ್ದೆ?”

“ಫೋನಲ್ಲಿ.” ಅವನು ಗಂಟಲು ಸರಿ ಮಾಡಿಕೊಂಡ. ಮುಂದೆ ಬಂದದ್ದು ಅವಳದೇ ದನಿ, ಅವಳದೇ ಅವಸರ. “‘ಅಪ್ಪಾ, ಶೀಟಲ್ಲಿ ಎಲ್ಲಾ ಇದೆ, ಆದ್ರೂ ಹೇಳ್ತೀನಿ ಕೇಳು. ಒಂದೊಂದು ಹಲಗೆಗೆ ಸೊನ್ನೆ, ಆಮೇಲೆ ಒಂದು ಒಂದು, ಮೂರು ಮೂರು, ನಾಲ್ಕು ನಾಲ್ಕು, ಒಂಬತ್ತು ಒಂಬತ್ತು... ಹಾಆಆಕ್ಷಿ... ಹತ್ತು ಹತ್ತು, ಹನ್ನೆರಡು ಹನ್ನೆರಡು. ಆಯ್ತಾ? ಬಸ್ಸು ಬಂತು, ಇಡ್ತೀನಿ.’”

ಸೀನು ಕೂಡ ಬಿಟ್ಟಿರಲಿಲ್ಲ. ಅವಳಿಗೆ ಆ ಬಸ್ಸು, ಆ ನಿಲ್ದಾಣ, ಆ ನೆಗಡಿ ಎಲ್ಲವೂ ನೆನಪಾಯಿತು. ಶೀಟು ಎಲ್ಲೋ ಇಟ್ಟಿದ್ದೇನೆ, ಬಾಯಲ್ಲಿ ಹೇಳಿಬಿಡು ಎಂದು ಅಪ್ಪನೇ ಫೋನ್ ಮಾಡಿದ್ದ. ಎಷ್ಟು ಅಳತೆಯ ತುಂಡು ಎಷ್ಟೆಷ್ಟು ಬೇಕೆಂದು ಕೇಳುತ್ತಿದ್ದಾನೆ ಎಂದುಕೊಂಡು, ಚಿಕ್ಕದರಿಂದ ದೊಡ್ಡದಕ್ಕೆ ಓದಿ ಹೇಳಿದ್ದಳು.

“ಅದು ಕತ್ತರಿಸೋ ಪಟ್ಟಿ ಅಪ್ಪಾ. ಕೂರಿಸೋ ಕ್ರಮ ನಕ್ಷೆಯಲ್ಲಿತ್ತಲ್ಲ. ನಕ್ಷೆ ನೋಡಿದ್ಯಾ?”

“ನೋಡ್ದೆ.”

“ಎಲ್ಲಿದೆ?”

“ಅಲ್ಲೇ, ಮೊಳೆಗೆ ಸಿಕ್ಕಿಸಿದ್ದೀನಿ. ಅದನ್ನ ನೋಡ್ಕೊಂಡೇ ಮಾಡಿದ್ದು.”

ಗೋಡೆಯ ಮೊಳೆಯಲ್ಲಿ ಒಂದು ಶೀಟು ತೂಗುತ್ತಿತ್ತು. ಅವಳು ಹತ್ತಿರ ಹೋಗಿ ನೋಡಿದಳು. ಅದು ಹೋದ ವರ್ಷ ಒಂದು ಬ್ಯಾಂಕಿನ ಮೀಟಿಂಗ್ ರೂಮಿಗೆ ಮಾಡಿದ ಏಳು ಓಣಿಯ ನಕ್ಷೆ. ಮೇಲ್ಗಡೆ ಹೆಬ್ಬೆರಳಷ್ಟು ದಪ್ಪ ಅಕ್ಷರದಲ್ಲಿ ಆ ಬ್ಯಾಂಕಿನ ಹೆಸರಿತ್ತು. ಹದಿಮೂರರ ನಕ್ಷೆ, ಅವಳು ಕಳಿಸಿದ ಲಕೋಟೆಯಲ್ಲೇ, ಅಂಟು ಬಿಚ್ಚದೆ, ಕೆಳಗಿನ ಕಪಾಟಿನಲ್ಲಿ ಬಿದ್ದಿತ್ತು.

“ಇದೇನಾ?” ಎಂದು ಮೊಳೆಯಲ್ಲಿದ್ದ ಶೀಟನ್ನು ಎತ್ತಿ ಹಿಡಿದಳು.

“ಹೂಂ, ಅದೇ,” ಎಂದ ಅಪ್ಪ. ಅವನು ಶೀಟನ್ನು ನೋಡುತ್ತಿರಲಿಲ್ಲ. ಅವಳ ಕಿವಿಯ ಪಕ್ಕದ ಗಾಳಿಯನ್ನು ನೋಡುತ್ತಿದ್ದ.

ಅವಳು ಶೀಟನ್ನು ಮೊಳೆಗೆ ಮತ್ತೆ ಸಿಕ್ಕಿಸಿದಳು. ಮೆಷಿನ್ನಿನ ಮೇಜಿನ ಮೇಲೆ ತಳ್ಳುಗೋಲು ಇತ್ತು. ಹಲಗೆಯ ಕೊನೆ ಬ್ಲೇಡಿನ ಹತ್ತಿರ ಬಂದಾಗ ಬೆರಳಿನ ಬದಲು ಇದರಿಂದ ತಳ್ಳಬೇಕು, ಅದಕ್ಕೇ ಇರುವ ಮೊಳದುದ್ದದ ಮರದ ಕೋಲು. ಅದರ ಮೂತಿಯನ್ನು ಇಲಿ ಕಡಿದಂತೆ ಬ್ಲೇಡು ಕಚ್ಚಿತ್ತು. ಒಂದು ಕಚ್ಚು ಹಿಡಿಯಿಂದ ಎರಡು ಬೆರಳಗಲದಷ್ಟೇ ದೂರದಲ್ಲಿತ್ತು.

*

ಅಡುಗೆಮನೆಯಲ್ಲಿ ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಮಗಳ ಮುಖ ನೋಡಿ, ಕೈಯಲ್ಲಿದ್ದ ದಂಟನ್ನು ಕೆಳಗಿಟ್ಟಳು. ಎಷ್ಟು ದಿನದಿಂದ ಎಂದು ಮಗಳು ಕೇಳಿದ್ದಕ್ಕೆ, ಏನು ಎಷ್ಟು ದಿನದಿಂದ ಎಂದು ತಿರುಗಿ ಕೇಳಲಿಲ್ಲ. ಹೋದ ವರ್ಷದ ಮೊದಲಿನಿಂದ ಎಂದಳು. ಅಪ್ಪನ ಎರಡೂ ಕಣ್ಣಿನಲ್ಲಿ ನಡುವಿನ ನೋಟ ಅಳಿಸಿಹೋಗುತ್ತಿದೆಯಂತೆ. ಹೋದದ್ದು ವಾಪಸು ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದಾರಂತೆ. ಸುತ್ತಲಿನ ಅಂಚು ಉಳಿಯುತ್ತದೆ. ನಡೆಯಬಹುದು, ಬಾಗಿಲು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ.

“ನನ್ನ ಮುಖ ನೋಡ್ಬೇಕು ಅಂದ್ರೆ ನನ್ನ ಕಿವಿ ನೋಡ್ತಾರೆ. ಆಗ ಮುಖ ಅಂಚಲ್ಲಿ ಬರುತ್ತಂತೆ,” ಎಂದಳು ಅಮ್ಮ. “ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಓಲೆ ಬದಲಾಗಿದ್ದು ಈಗ ಗೊತ್ತಾಯ್ತು ನಿಮ್ಮಪ್ಪಂಗೆ.”

ತಾನೇ ಮಾಡಿದ ತಮಾಷೆಗೆ ತಾನೇ ನಗಲು ಹೋಗಿ, ಅಮ್ಮ ಅರ್ಧಕ್ಕೆ ನಿಲ್ಲಿಸಿದಳು. ಮಗಳಿಗೆ ಹೇಳಿದರೆ ತನ್ನ ಹೆಣ ನೋಡಿದ ಹಾಗೆ ಎಂದು ಅಪ್ಪ ಆಣೆ ಹಾಕಿಸಿಕೊಂಡಿದ್ದನಂತೆ. ಮಗಳಿಗೆ ಗೊತ್ತಾದರೆ ಮೊದಲು ಮೆಷಿನ್ ನಿಲ್ಲಿಸುತ್ತಾಳೆ, ಮೆಷಿನ್ ನಿಂತ ಮೇಲೆ ತಾನು ಕೂತಲ್ಲೇ ಕೊಳೆಯುತ್ತೇನೆ ಎಂಬುದು ಅವನ ವಾದ. ದಿನಾ ಬೆಳಿಗ್ಗೆ ಅಮ್ಮ ಪೇಪರು ಓದಿ ಹೇಳುವುದನ್ನು ನೋಡಿ, ಈ ವಯಸ್ಸಿನಲ್ಲಿ ಎಂಥ ಸರಸ ಎಂದು ಮಗಳೇ ಚುಡಾಯಿಸಿದ್ದಳು. ಏಳರ ಮಗ್ಗಿ ಬಾಯಿಪಾಠವಿದ್ದುದರಿಂದ ಇದುವರೆಗೆ ಗೋಡೆಗಳು ಸರಿಯಾಗಿ ಬಂದವು. ಅಳತೆಗೆ ಅವನು ತಾನೇ ಕೆತ್ತಿಕೊಂಡ ಮರದ ತುಂಡುಗಳಿದ್ದವು. ಹೆಬ್ಬೆರಳು ಆಡಿಸಿದರೆ ಯಾವುದು ಎಷ್ಟೆಂದು ಗೊತ್ತಾಗುತ್ತಿತ್ತು. ಇನ್ನುಳಿದದ್ದಕ್ಕೆ ಅಣಕು. ಯಾರು ಏನು ಹೇಳಿದರೂ ಅವರ ದನಿಯಲ್ಲೇ ಒಮ್ಮೆ ಆಡಿಬಿಟ್ಟರೆ ಮರೆಯುವುದಿಲ್ಲವಂತೆ.

ಜನ ನಕ್ಕದ್ದು ಅವನ ನೋಟ್‌ಬುಕ್ಕಿಗೆ.

“ಬೆರಳು ಹೋದ್ರೆ ಏನ್ಮಾಡ್ತೀಯಮ್ಮ?”

“ದಿನಾ ಸಂಜೆ ಎಣಿಸ್ತೀನಿ,” ಎಂದಳು ಅಮ್ಮ. “ತಟ್ಟೆ ಕೊಡುವಾಗ. ಅವರಿಗೆ ಗೊತ್ತಾಗದ ಹಾಗೆ.”

*

ಶುಕ್ರವಾರ, ಶನಿವಾರ ಇಬ್ಬರೂ ಸಭಾಂಗಣದಲ್ಲೇ ಕಳೆದರು. ಕಣ್ಣಿನ ಮಾತನ್ನು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಕ್ರಮ ತಪ್ಪಿದೆ, ಮತ್ತೆ ಜೋಡಿಸೋಣ, ನಾನು ಫೋನಿನಲ್ಲಿ ಸರಿಯಾಗಿ ಹೇಳಲಿಲ್ಲ ಎಂದಷ್ಟೇ ಅವಳು ಹೇಳಿದ್ದಳು. ಅವನು ಅದನ್ನು ಒಪ್ಪಿಕೊಂಡಂತೆ ನಟಿಸಿದ. ಅಪ್ಪ ಎಲ್ಲವನ್ನೂ ಗೋಂದಿಲ್ಲದೆ ಬರೀ ಸ್ಕ್ರೂಗಳಲ್ಲಿ ಕೂರಿಸಿದ್ದರಿಂದ ಹೊಸದಾಗಿ ಕತ್ತರಿಸುವ ಕೆಲಸವಿರಲಿಲ್ಲ. ಓಣಿಯ ತಳದ ಪಟ್ಟಿಗಳನ್ನು ಬಿಚ್ಚಿ ಜಾಗ ಬದಲಾಯಿಸಿದರಾಯಿತು.

ಜಾಲರಿ ಬಟ್ಟೆ ಇಳಿಸಿದಾಗ ಪಿಟೀಲು ಮೇಷ್ಟ್ರು ಬಂದು ನೋಡಿ, ಇಷ್ಟು ಚೆಂದದ್ದನ್ನು ಯಾಕೆ ಕೆಡಿಸುತ್ತೀರಿ ಎಂದು ಅಂಗಲಾಚಿದರು. ನಿಜಕ್ಕೂ ಚೆಂದವಿತ್ತು. ಎಂಟು ಹಲಗೆಗಳ ಅಲೆ ಒಂದೇ ಉಸಿರಿನಲ್ಲಿ ಎದ್ದು ಬಿದ್ದಂತಿತ್ತು. ಒಂದು ಸಂದಿಗೂ ಕೂದಲು ತೂರುವಷ್ಟು ಬಿರುಕಿಲ್ಲ. ಕಣ್ಣಿದ್ದವರು ಹೀಗೆ ಮಾಡಿದ್ದನ್ನು ಅವಳು ನೋಡಿರಲಿಲ್ಲ.

“ಚೆಂದ ನೋಡೋಕೆ ಬಾಗಿಲು ಮಾಡಿಸ್ಕೊಳ್ಳಿ ಸಾರ್,” ಎಂದ ಅಪ್ಪ. “ಇದು ಹುಚ್ಚರ ಮಗ್ಗಿ. ಇದಕ್ಕೆ ಚೆಂದ ಆಗಲ್ಲ.”

ಅವಳು ಹದಿಮೂರರ ಕ್ರಮವನ್ನು ಒಂದು ಸಲ ಹೇಳಿದಳು. ಅಪ್ಪ ಅವಳ ದನಿಯಲ್ಲಿ ವಾಪಸು ಹೇಳಿದ. ಏಳನೆಯ ಮತ್ತು ಎಂಟನೆಯ ಸಂಖ್ಯೆ ಎರಡೂ ಹತ್ತು. ಅಲ್ಲಿಗೆ ಬಂದಾಗ ಅವನು ಸ್ವಲ್ಪ ತಡೆದು, “ಓ, ಇಲ್ಲಿಂದ ಬಂದ ದಾರೀಲೇ ವಾಪಸ್ ಹೋಗುತ್ತೆ,” ಎಂದ. “ಹನ್ನೆರಡು, ಮೂರು, ಒಂಬತ್ತು, ನಾಲ್ಕು, ಒಂದು. ಹುಚ್ಚರಿಗೂ ಮನೆ ದಾರಿ ಗೊತ್ತಿದೆ ಹಾಗಾದ್ರೆ.” ಆಮೇಲೆ ಅವಳು ಒಂದು ಅಂಕಿಯನ್ನೂ ಹೇಳಿಕೊಡಬೇಕಾಗಲಿಲ್ಲ. ಅವನ ಹೆಬ್ಬೆರಳು ತುಂಡಿನ ದಪ್ಪ ಓದುತ್ತಿತ್ತು, ತುಟಿ ಮಗ್ಗಿ ಆಡುತ್ತಿತ್ತು, ಇನ್ನೊಂದು ಕೈ ಸ್ಕ್ರೂ ತಿರುಗಿಸುತ್ತಿತ್ತು. ಅವಳು ಒಂದು ಹಲಗೆ ಮುಗಿಸುವಷ್ಟರಲ್ಲಿ ಅವನು ಎರಡು ಮುಗಿಸುತ್ತಿದ್ದ.

ಶನಿವಾರ ಮಧ್ಯಾಹ್ನ ಕೊನೆಯ ಸ್ಕ್ರೂ ಬಿದ್ದ ಮೇಲೆ ಅವಳು ನಡುವೆ ನಿಂತು ಚಪ್ಪಾಳೆ ತಟ್ಟಿದಳು. ಸಿಳ್ಳೆ ಇರಲಿಲ್ಲ. ಶಬ್ದ ಹೋಗಿ, ಎಲ್ಲ ಕಡೆಯಿಂದ ಸ್ವಲ್ಪಸ್ವಲ್ಪ ತಿರುಗಿ ಬಂದು, ಮೆತ್ತಗೆ ಕೂತಿತು. ಮೇಷ್ಟ್ರು ವೇದಿಕೆ ಹತ್ತಿ ನುಡಿಸಿದರು. ಅರ್ಧದಲ್ಲಿ ಅಪ್ಪ ಕೈ ಎತ್ತಿ ನಿಲ್ಲಿಸಿದ.

“ಆ ದಪ್ಪ ತಂತಿ ಒಂದ್ಸಲ ಎಳೀರಿ ಸಾರ್. ಹಾಂ. ಅದೇ.”

ತಂತಿಯ ಜೊತೆಗೆ ಎಲ್ಲೋ ಒಂದು ನೊಣದಷ್ಟು ಸಣ್ಣ ‘ಝ್ಝ್’ ಇದೆಯೆಂದ. ಮೇಷ್ಟ್ರಿಗೆ ಕೇಳಿಸಲಿಲ್ಲ. ಅವಳಿಗೂ ಇಲ್ಲ. ಅವಳ ಮೈಕು, ಲ್ಯಾಪ್‌ಟಾಪು ಕೂಡ ಏನೂ ತೋರಿಸಲಿಲ್ಲ. ಅಪ್ಪ ಗೋಡೆಯ ಉದ್ದಕ್ಕೂ ಅಂಗೈ ಸವರುತ್ತಾ ನಡೆದು, ಆರನೆಯ ಹಲಗೆಯ ಒಂದು ಪಟ್ಟಿಯ ಮೇಲೆ ಕೈಯಿಟ್ಟು, ಸ್ಕ್ರೂ ಅರ್ಧ ಸುತ್ತು ಬಿಗಿದ. “ಈಗ ಎಳೀರಿ.” ತಂತಿ ನುಡಿಯಿತು. ಮೇಷ್ಟ್ರ ಮುಖ ಅರಳಿತು. ಏನೋ ಹೋಯಿತೆಂದು, ಅದು ಹೋದ ಮೇಲೆ ಅವರಿಗೆ ತಿಳಿಯಿತು.

“ಇವರು ಯಾರು ಮೇಡಂ, ಎಲ್ಲಿಂದ ಹಿಡ್ಕೊಂಡು ಬಂದ್ರಿ?” ಎಂದು ಮೇಷ್ಟ್ರು ಕೇಳಿದರು.

“ನಮ್ಮಪ್ಪ,” ಎಂದಳು. ಇಷ್ಟು ಕೆಲಸ ಬಲ್ಲವನನ್ನು ಸುಮ್ಮನೆ ಹೇಗೆ ಕೂರಿಸುವುದು? ಇಂಥವನಿಗೆ ಕಣ್ಣು ಯಾಕೆ ಬೇಕು, ಇಷ್ಟು ದಿನ ಏನೂ ಆಗಿಲ್ಲವಲ್ಲ, ಇನ್ನು ಮುಂದೆಯೂ ಆಗಲಿಕ್ಕಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಹೀಗೆಲ್ಲ ತನಗೆ ತಾನೇ ಲಂಚ ಕೊಟ್ಟುಕೊಳ್ಳುತ್ತಿದ್ದಳು. ಅಪ್ಪ ಕಿಟಕಿಯ ಪಕ್ಕ ಕೂತು ಗುನುಗುತ್ತಿದ್ದ. ಹದಿಮೂರರ ಮಗ್ಗಿಗೆ ಆಗಲೇ ಒಂದು ರಾಗ ಹಚ್ಚಿದ್ದ.

“ಸೋಮವಾರ ಆ ಆಸ್ಪತ್ರೆ ಕೆಲಸ ಶುರು ಮಾಡ್ತೀನಿ,” ಎಂದ. “ನಲವತ್ತು ಹಲಗೆ ಸೀಳಬೇಕು. ದಪ್ಪ ಮರ. ಹೊಸ ಬ್ಲೇಡು ಹಾಕಿದ್ದೀನಿ.”

ಅವಳು ಅವನ ಕೈ ನೋಡಿದಳು. ಎದುರಿನ ಸೀಟಿನ ಕಂಬಿಯ ಮೇಲೆ ಹತ್ತು ಬೆರಳು ತಾಳ ಹಾಕುತ್ತಿದ್ದವು.

*

ಸೋಮವಾರ ಬೆಳಿಗ್ಗೆ ಅಪ್ಪ ತಿಂಡಿ ತಿನ್ನುತ್ತಿದ್ದಾಗಲೇ ಅವಳು ಶೆಡ್ಡಿಗೆ ಹೋಗಿ, ಚೂರುಪಾರು ಹಾಕುವ ಡಬ್ಬವನ್ನು ನೆಲಕ್ಕೆ ಸುರಿದು ಹುಡುಕಿದಳು. ಸಿಕ್ಕಿತು. ಹಳೆಯ ತಳ್ಳುಗೋಲುಗಳು ನಾಲ್ಕು. ಎಲ್ಲವೂ ಮೂತಿ ಕಚ್ಚಿಸಿಕೊಂಡವು. ಒಂದರ ಹಿಡಿಯೇ ಅರ್ಧ ಸೀಳಿತ್ತು.

ಅಪ್ಪ ಬಾಗಿಲಲ್ಲಿ ನಿಂತದ್ದು ನೆರಳಿನಿಂದ ಗೊತ್ತಾಯಿತು.

“ಏನ್ ಹುಡುಕ್ತಿದ್ದೀಯ?”

“ಕೈ ಕೊಡಪ್ಪ.”

ಅವನು ಕೈ ನೀಡಿದ. ಅವಳು ಒಂದೊಂದೇ ಕೋಲನ್ನು ಅವನ ಅಂಗೈಯಲ್ಲಿಟ್ಟಳು. ಅವನ ಹೆಬ್ಬೆರಳು ಮೊದಲ ಕಚ್ಚನ್ನು ಓದಿತು, ಎರಡನೆಯದನ್ನು ಓದಿತು. ಸೀಳಿದ ಹಿಡಿಯ ಹತ್ತಿರ ಬಂದು ನಿಂತಿತು. ಕೋಲನ್ನು ಹೇಗೆ ಹಿಡಿಯುತ್ತಾರೋ ಹಾಗೆ ಅವನು ಅದನ್ನು ಹಿಡಿದುಕೊಂಡ. ಸೀಳು ಬಂದದ್ದು ಸರಿಯಾಗಿ ಕಿರುಬೆರಳು ಕೂರುವ ಜಾಗಕ್ಕೆ.

“ಕೋಲು ಇರೋದೇ ಅದಕ್ಕಲ್ವಾ,” ಎಂದ. “ಕಚ್ಚಿಸ್ಕೊಳ್ಳೋಕೆ.”

“ನಲವತ್ತೈದು ವರ್ಷದಲ್ಲಿ ಎಷ್ಟು ಕೋಲು ಹೀಗಾಗಿದೆ?”

ಶಬ್ದದಲ್ಲಿ ಗೊತ್ತಾಗುತ್ತೆ ಕಣೆ ಎಂದ. ಬ್ಲೇಡು ಬರಿಗಾಳಿಯಲ್ಲಿ ಓಡುವಾಗ ಒಂದು ದನಿ, ಮರದೊಳಗೆ ಇನ್ನೊಂದು, ಮರ ಮುಗಿಯುತ್ತಾ ಬಂದಾಗ ಮತ್ತೊಂದು. ಆ ಮೂರನ್ನೂ ಅವನು ಬಾಯಲ್ಲಿ ಮಾಡಿ ತೋರಿಸಿದ. ಝೂಂಂ. ಝರ್ರ್ರ್. ಝೀಈಂ. ಮೂರೂ ತದ್ರೂಪ.

“ಆ ಮೂರನೇದು ಕೇಳಿಸಿದ ಮೇಲೇ ಕೋಲು ಕಚ್ಚಿಸ್ಕೊಂಡಿರೋದು ಅಪ್ಪಾ,” ಎಂದಳು. “ಮೇಜಿನ ಮೇಲಿರೋದೂ ಸೇರಿ ಐದು ಕೋಲು.”

ಶೆಡ್ಡಿನಲ್ಲಿ ಮರದ ಹುಡಿ ದಪ್ಪಗೆ ಕೂತಿತ್ತು. ಅವಳು ನೋಡಿದ ಕೋಣೆಗಳಲ್ಲೆಲ್ಲ ಇಷ್ಟು ಚೆನ್ನಾಗಿ ಶಬ್ದ ಹೀರುವ ಕೋಣೆ ಇನ್ನೊಂದಿರಲಿಲ್ಲ. ಅಪ್ಪ ಸ್ಟೂಲು ಎಳೆದುಕೊಂಡು ಮೆಷಿನ್ನಿಗೆ ಬೆನ್ನು ಮಾಡಿ ಕೂತ. ಕೋಲುಗಳನ್ನು ತೊಡೆಯ ಮೇಲೆ ಜೋಡಿಸಿಕೊಂಡ, ಚಿಕ್ಕದರಿಂದ ದೊಡ್ಡದಕ್ಕೆ.

“ನಿಮ್ಮಮ್ಮ ಹೇಳಿದ್ಳಾ?”

“ಗೋಡೆ ಹೇಳ್ತು.”

“ನಾನಿನ್ನು ಏನ್ ಮಾಡ್ಲಿ?” ಎಂದ. ಆ ದನಿ ಯಾರದೂ ಆಗಿರಲಿಲ್ಲ, ಅವನದೇ. ಅದನ್ನು ಅವಳು ಕೇಳಿ ಬಹಳ ದಿನವಾಗಿತ್ತು.

ಸೀಳುವುದನ್ನು ಬೇರೆ ಮಿಲ್ಲಿನಲ್ಲಿ ಮಾಡಿಸಿ ತರುತ್ತೇನೆ, ಜೋಡಿಸುವುದು ನೀನೇ, ಪ್ರತಿ ಹೊಸ ಕೋಣೆಗೂ ಕಿವಿಯಾಗಿ ನನ್ನ ಜೊತೆ ಬರಬೇಕು, ಆ ನೊಣದ ಸದ್ದು ನನಗೆ ಕೇಳಿಸಲಿಲ್ಲವಲ್ಲ ಎಂದೆಲ್ಲ ಅವಳು ಹೇಳಿದಳು. ಹೇಳಿದ್ದು ನಿಜವೇ. ಆದರೂ ಆಟಿಕೆ ಕಿತ್ತುಕೊಂಡು ಮಿಠಾಯಿ ತೋರಿಸಿದಂತೆ ಅವಳ ಕಿವಿಗೇ ಕೇಳಿಸಿತು.

ಅವಳು ಮೊಳೆಯಲ್ಲಿ ನೇತುಹಾಕಿದ್ದ ಸ್ಪ್ಯಾನರ್ ತೆಗೆದುಕೊಂಡಳು. ಮೇಜಿನ ತಗಡು ಎತ್ತಿ ಬ್ಲೇಡಿನ ನಟ್ಟು ಹುಡುಕಿ ಸ್ಪ್ಯಾನರ್ ಸಿಕ್ಕಿಸಿದಳು.

“ಪ್ಲಗ್ ಕಿತ್ತಿದ್ದೀಯಾ?” ಎಂದ ಅಪ್ಪ, ತಿರುಗದೆ.

ಕಿತ್ತಿರಲಿಲ್ಲ. ಹೋಗಿ ಕಿತ್ತು ಬಂದಳು. ಸ್ಪ್ಯಾನರ್ ಹಿಡಿದು ಬಲ ಹಾಕಿ ಎಳೆದಳು. ಅಲ್ಲಾಡಲಿಲ್ಲ. ಕಾಲು ಊರಿ ಮತ್ತೆ ಎಳೆದಳು. ಸ್ಪ್ಯಾನರ್ ಜಾರಿ ಕಬ್ಬಿಣಕ್ಕೆ ಬಡಿದು ಠಣ್ ಎಂದಿತು. ಮೂರನೆಯ ಸಲ ಸಿಕ್ಕಿಸಿ ಎಳೆದಾಗ ನಟ್ಟಿನ ಮೂಲೆ ಕಿರುಗುಟ್ಟಿತು. ಅಪ್ಪನಿಗೆ ಸಹಿಸಲಾಗಲಿಲ್ಲ.

“ಉಲ್ಟಾ,” ಎಂದ. “ಅದರ ತಿರುಪು ಉಲ್ಟಾ. ಆ ಕಡೆ ಎಳೆದ್ರೆ ಇನ್ನೂ ಬಿಗಿಯಾಗುತ್ತೆ. ಈ ಕಡೆ ತಿರುಗಿಸು, ಮೆತ್ತಗೆ.”

ಅವಳು ಈ ಕಡೆ ತಿರುಗಿಸಿದಳು. ನಟ್ಟು ಸಡಿಲವಾಯಿತು. ಹೊಸ ಬ್ಲೇಡನ್ನು ಎರಡೂ ಕೈಯಲ್ಲಿ ಎತ್ತಿದಾಗ ಅದು ಮೇಜಿನ ಅಂಚಿಗೆ ತಾಗಿ ಉದ್ದಕ್ಕೆ, ತೆಳ್ಳಗೆ ಒಂದು ಸಲ ನುಡಿಯಿತು. ಇಬ್ಬರೂ ಅದು ಆರುವವರೆಗೆ ಕೇಳಿಸಿಕೊಂಡರು.

ಅಪ್ಪ ಬೆನ್ನ ಹಿಂದಕ್ಕೆ ಕೈ ಚಾಚಿದ.

“ನಟ್ಟು ನಂಗೆ ಕೊಡು. ನೀನು ಕಳೆದುಬಿಡ್ತೀಯ.”